ಮಳೆಗೆ ಕಿವಿ ಇಲ್ಲ, ಮಕ್ಕಳಿಗೆ ಇದೆ

ಚಳ್ಳಕೆರೆ ಸೀಮೆಯವರಿಗೆ ಭವಿಷ್ಯ ಹೇಳೋರ ಮೇಲೆ ನಂಬಿಕೆ ಸ್ವಲ್ಪ ಕಮ್ಮಿ. ಕಾರಣ ಮಳೆ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳೋ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಶೇಂಗಾ ಬೀಜ ತಂದು ಮನೇಲಿಟ್ಟುಕೊಂಡು ಆಕಾಶ ನೋಡ್ತಾ ಕೂತವರು ಪಂಚಾಂಗ ಕೇಳಿದ್ದಾರೆ, ರೇಡಿಯೊ ಕೇಳಿದ್ದಾರೆ, ವರುಣಮಿತ್ರಕ್ಕೆ ಫೋನ್ ಮಾಡಿದ್ದಾರೆ. ಈಗ ಮೊಬೈಲಿನಲ್ಲಿ ಶೇಕಡಾ 60 ಅಂತ ಬಂದಿದ್ದನ್ನು ಮೊಮ್ಮಕ್ಕಳಿಗೆ ತೋರಿಸಿ, "ಅಂದ್ರೆ ಬರುತ್ತಾ, ಬರಲ್ವಾ?" ಅಂತ ಕೇಳ್ತಾರೆ. ಈ ಪ್ರಶ್ನೆಗೆ ಇಂಜಿನಿಯರಿಂಗ್ ಓದಿದ ಮೊಮ್ಮಕ್ಕಳ ಹತ್ರಾನೂ ನೆಟ್ಟಗೆ ಉತ್ತರ ಇಲ್ಲ. ಆದ್ರೂ ಒಂದು ಸಮಾಧಾನ ಇದೆ. ಹವಾಮಾನದವರು ಏನೇ ಹೇಳ್ಲಿ, ಮೋಡಕ್ಕೆ ಅದು ಕೇಳಿಸಲ್ಲ. "ಈ ಸಲ ನೀನು ಸುರಿಯಲ್ಲ ಅಂತ ವರದಿ ಬಂದಿದೆ" ಅಂದಿದ್ದಕ್ಕೆ ಬೇಜಾರಾಗಿ ಯಾವ ಮೋಡವೂ ಅನಂತಪುರದ ಕಡೆ ಹೋಗಿಬಿಡಲ್ಲ.

ಮಗುವಿನ ಬಗ್ಗೆ ಹೇಳೋ ಭವಿಷ್ಯ ಬೇರೆ ತರಹದ್ದು. ಅದು ಮಗುವಿಗೆ ಕೇಳಿಸುತ್ತೆ, ಮೇಷ್ಟ್ರಿಗೆ ಕೇಳಿಸುತ್ತೆ, ಅಪ್ಪ ಅಮ್ಮನಿಗೂ ಕೇಳಿಸುತ್ತೆ. ಕೇಳಿಸಿದ ಮೇಲೆ ಎಲ್ಲರೂ ಒಂಚೂರು ಬದಲಾಗ್ತಾರೆ. "ಇವನು ಫೇಲು" ಅಂತ ಮೊದಲೇ ಹೇಳಿ, ಅವನು ಕೊನೆಗೆ ಫೇಲಾದರೆ, ಅದು ಹೇಳಿದವರ ಜಾಣತನವಾ ಅಥವಾ ಕೇಳಿಸಿಕೊಂಡವರ ಕೈವಾಡವಾ? ಬೇರೆ ಬೇರೆ ಮಾಡಿ ನೋಡೋಕೆ ಆಗುತ್ತಾ?

ಇದು ಸುಮ್ನೆ ಕೂತು ತಲೆ ಕೆರೆದುಕೊಳ್ಳೋ ಪ್ರಶ್ನೆ ಅಲ್ಲ. ನನ್ನ ಚಿಕ್ಕಪ್ಪನ ಮಗಳೊಬ್ಬಳು ನಮ್ಮ ದೊಡ್ಡಉಳ್ಳಾರ್ತಿಯಿಂದ ಅಷ್ಟೇನೂ ದೂರ ಅಲ್ಲದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡ್ತಾಳೆ. ಹತ್ತನೇ ತರಗತಿ ಮಕ್ಕಳ ಘಟಕ ಪರೀಕ್ಷೆ ಅಂಕ, ಅರ್ಧವಾರ್ಷಿಕದ ಅಂಕ, ಹಾಜರಿ, ಹಿಂದಿನ ತರಗತಿಗಳ ಗ್ರೇಡು ಎಲ್ಲ ಸೇರಿಸಿ, ಎಸ್ಸೆಸ್ಸೆಲ್ಸಿಯಲ್ಲಿ ಯಾರು ದಾಟ್ತಾರೆ ಯಾರು ದಾಟಲ್ಲ ಅಂತ ಅಂದಾಜು ಹೇಳೋ ಒಂದು ವರದಿ ಅವಳ ಕೈಗೆ ಬಂತು. ಹಸಿರು, ಹಳದಿ, ಕೆಂಪು. ಪ್ರತಿ ಹೆಸರಿನ ಮುಂದೆ ಒಂದು ಸಂಖ್ಯೆ: 0.91, 0.47, 0.31, 0.08. ಹೇಗೆ ಓದಬೇಕು ಅನ್ನೋದಕ್ಕೆ ಕೊಟ್ಟಿದ್ದು ಒಂದೇ ಸಾಲು, ಕೆಂಪು ಮಕ್ಕಳ ಕಡೆ ವಿಶೇಷ ಗಮನ ಹರಿಸಿ ಅಂತ. ಅವಳು ನನಗೆ ಫೋನ್ ಮಾಡಿ, "ಅಣ್ಣಾ, ನೀನು ಮಾಡೋದು ಇದೇ ಕೆಲಸ ಅಲ್ವಾ? ನಮ್ಮ ಸ್ಟಾಫ್ ರೂಮಲ್ಲಿ ಅರ್ಧ ಜನ 0.31 ಅಂದ್ರೆ 31 ಮಾರ್ಕ್ಸ್ ಬರುತ್ತೆ ಅಂತಿದ್ದಾರೆ. ಇನ್ನರ್ಧ ಜನ ನೂರಕ್ಕೆ 31 ಭಾಗ ಪಾಠ ಬರುತ್ತೆ ಅಂತಿದ್ದಾರೆ. ನನಗೆ ಎರಡೂ ಸರಿ ಅನಿಸ್ತಿಲ್ಲ" ಅಂದಳು.

ಅವಳಿಗೆ ಅನಿಸಿದ್ದೇ ಸರಿ, ಎರಡೂ ತಪ್ಪು. 0.31 ಅನ್ನೋದು ಆ ಹುಡುಗಿಯ ಬಗ್ಗೆ ಹೇಳೋ ಮಾತೇ ಅಲ್ಲ ಅಂತ ನಾನು ಹೇಳಿದೆ. ಹಿಂದಿನ ವರ್ಷಗಳಲ್ಲಿ ಇವಳಷ್ಟೇ ಅಂಕ, ಇವಳಷ್ಟೇ ಹಾಜರಿ ಇದ್ದ ನೂರು ಮಕ್ಕಳನ್ನು ತಗೊಂಡ್ರೆ ಅದರಲ್ಲಿ ಸುಮಾರು 31 ಮಕ್ಕಳು ಪಾಸಾಗಿದ್ದರು ಅಂತ ಅರ್ಥ. ಇವಳು ಆ 31ರಲ್ಲಿ ಒಬ್ಬಳಾ, 69ರಲ್ಲಿ ಒಬ್ಬಳಾ ಅನ್ನೋದು ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಇವಳ ಹಾಗೆ ಕಾಣೋ, ಇವಳಲ್ಲದ ಬೇರೆ ಮಕ್ಕಳು. ನಮ್ಮಲ್ಲಿ "ಆ ಮನೆ ಹುಡುಗರೆಲ್ಲಾ ಹಂಗೇ" ಅಂತಾರಲ್ಲ, ಅದನ್ನೇ ದಶಮಾಂಶ ಹಾಕಿ ಹೇಳಿದ ಹಾಗೆ. ಹಾಗಂತ ಅದು ಸುಳ್ಳೂ ಅಲ್ಲ. ಮನೆತನ ನೋಡಿ ಹೇಳೋದಕ್ಕಿಂತ ಅಂಕ, ಹಾಜರಿ ನೋಡಿ ಹೇಳೋದು ಎಷ್ಟೋ ಮೇಲು. ಆದರೆ ಜಾತಿ ಒಂದೇ.

ನಾನು ಬೆಂಗಳೂರಲ್ಲಿ ಮಾಡೋ ಕೆಲಸವೂ ಇಂಥದ್ದೇ. ಯಾವ ಗ್ರಾಹಕ ಮುಂದಿನ ತಿಂಗಳು ನಮ್ಮನ್ನ ಬಿಟ್ಟು ಹೋಗ್ತಾನೆ ಅಂತ ಮೊದಲೇ ಲೆಕ್ಕ ಹಾಕೋದು. ಅಲ್ಲಿ ತಪ್ಪಾದರೆ ಹೆಚ್ಚಂದ್ರೆ ಹೋಗದೇ ಇರೋನಿಗೆ ಸುಮ್ನೆ ಒಂದು ನೂರು ರೂಪಾಯಿ ಕೂಪನ್ ಹೋಗುತ್ತೆ. ಹೋಗೋನು ಹೋದರೆ ಹೋದ. ಯಾರ ಜೀವನವೂ ನಿಲ್ಲಲ್ಲ. ಅದೇ ಲೆಕ್ಕದ ವಿಧಾನ, ಹೆಚ್ಚುಕಡಿಮೆ ಅದೇ ಕೋಡು, ಈಗ ಶಾಲೆಗೆ ಬಂದಿದೆ. ಗಡಿಯಾಚೆ ಆಂಧ್ರದಲ್ಲಿ 2017ರ ಸುಮಾರಿಗೇ ಅಲ್ಲಿನ ಸರ್ಕಾರ ಮೈಕ್ರೋಸಾಫ್ಟ್ ಜೊತೆ ಸೇರಿ ಯಾವ ಮಕ್ಕಳು ಶಾಲೆ ಬಿಡಬಹುದು ಅಂತ ಊಹಿಸೋ ಕೆಲಸ ಶುರು ಮಾಡಿತ್ತು. ನಮ್ಮಲ್ಲೂ ಪ್ರತಿ ಮಗುವಿಗೆ ಸ್ಯಾಟ್ಸ್ ನಂಬರ್ ಇದೆ, ಅಂಕಗಳೆಲ್ಲ ಕಂಪ್ಯೂಟರಿನಲ್ಲೇ ಇವೆ. ಇಷ್ಟು ದಿನ ಕೂಡಿಟ್ಟ ಮಾಹಿತಿಯನ್ನು ಒಂದಲ್ಲ ಒಂದು ದಿನ ಯಾರಾದರೂ ಬಳಸೇ ಬಳಸ್ತಾರೆ. ಬಳಸಬೇಕು ಕೂಡ. ನವೆಂಬರಿನಲ್ಲೇ ಗೊತ್ತಾಗೋ ವಿಷಯ ಮೇ ತಿಂಗಳ ಫಲಿತಾಂಶದ ದಿನ ಗೊತ್ತಾದರೆ ಏನು ಪ್ರಯೋಜನ?

ವರದಿಯ ಕೊನೇಲಿ 'ನಿಖರತೆ ಶೇಕಡಾ 78' ಅಂತ ಇತ್ತು. ಕೇಳೋಕೆ ಡಿಸ್ಟಿಂಕ್ಷನ್ ಬಂದ ಹಾಗಿದೆ ಅಲ್ವಾ? ಅದನ್ನ ಬಿಡಿಸಿ ನೋಡೋಣ ಅಂತ ಅವಳಿಗೆ ಒಂದು ಲೆಕ್ಕ ಹಾಕಿಸಿದೆ. ಒಂದು ಶಾಲೇಲಿ 60 ಮಕ್ಕಳು, ಕೊನೆಗೆ 40 ಪಾಸು, 20 ಫೇಲು ಅಂತ ಇಟ್ಟುಕೊಳ್ಳಿ. ವರದಿ 23 ಮಕ್ಕಳಿಗೆ ಕೆಂಪು ಬಳಿಯಿತು. ಅದರಲ್ಲಿ 15 ಮಕ್ಕಳು ನಿಜಕ್ಕೂ ಫೇಲಾದರು, 8 ಮಕ್ಕಳು ಪಾಸಾದರು. ಕೆಂಪು ಬೀಳದ 37ರಲ್ಲಿ 32 ಪಾಸು, 5 ಫೇಲು. ಒಟ್ಟು 60ರಲ್ಲಿ 47 ಸರಿ ಹೋಯ್ತು, ಅಂದರೆ ಅದೇ ಶೇಕಡಾ 78. ಈಗ ಹೇಳಿ, ಕೆಂಪು ಹಣೆಪಟ್ಟಿ ಹೊತ್ತ ಆ 8 ಮಕ್ಕಳು ಯಾರು? ಯಾರ ಗಮನಕ್ಕೂ ಬಾರದೆ ಫೇಲಾದ ಆ 5 ಮಕ್ಕಳು ಯಾರು? ಹಿಂದಿನ ಬೆಂಚಿನಲ್ಲಿ ಗಲಾಟೆ ಮಾಡದೆ ಕೂತು, ನೋಟ್ಸ್ ನೀಟಾಗಿ ಬರೆದುಕೊಂಡು, ಏನೂ ಅರ್ಥವಾಗದೆ ಮನೆಗೆ ಹೋಗೋ ಹುಡುಗಿ ಆ ಐವರಲ್ಲಿ ಇರ್ತಾಳೆ ಅಂತ ನನಗೆ ಅನಿಸುತ್ತೆ. ಬಣ್ಣದ ಪಟ್ಟಿ ಮಾಡೋ ಅತಿ ದೊಡ್ಡ ಅನ್ಯಾಯ ಕೆಂಪಿನವರಿಗೆ ಆಗೋದಿಲ್ಲವೇನೋ. ಹಸಿರು ಅಂತ ನೋಡಿ ಮೇಷ್ಟ್ರು ತಲೆ ಎತ್ತದ ಮಕ್ಕಳಿಗೆ ಆಗುತ್ತೇನೋ.

ಇನ್ನೂ ಒಂದು ಮಜಾ ಇದೆ. ಅದೇ ಶಾಲೇಲಿ ಕಂಪ್ಯೂಟರೇ ಇಲ್ಲದೆ ಒಬ್ಬರು 'ಎಲ್ಲರೂ ಪಾಸ್' ಅಂತ ಹೇಳಿದ್ದರೂ 60ಕ್ಕೆ 40 ಸರಿ ಹೋಗ್ತಿತ್ತು. 2023ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಹಾಗೆ ಹೇಳಿದ್ದರೆ ನೂರಕ್ಕೆ 96.80 ಸರಿ! ನೆನಪಿದೆಯಲ್ಲ, ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಇಡೀ ರಾಜ್ಯಕ್ಕೆ ನಾವೇ ಮೊದಲು. ರಾಜ್ಯದ ಸರಾಸರಿ 83.89. ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ವಾರ ಹಬ್ಬ. ಮರುವರ್ಷ 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕ ಹೆಚ್ಚು ಮಾಡಿದ ಮೇಲೂ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು. ನಮ್ಮ ಜಿಲ್ಲೆ ಮೊದಲ ಹತ್ತರಲ್ಲೂ ಇರಲಿಲ್ಲ. ಒಂದೇ ವರ್ಷದಲ್ಲಿ ಚಿತ್ರದುರ್ಗದ ಮಕ್ಕಳೆಲ್ಲ ದಡ್ಡರಾದರಾ? ಅಥವಾ ಹಿಂದಿನ ವರ್ಷದವರು ಮಾತ್ರ ಮಹಾ ಬುದ್ಧಿವಂತರಾ? ಎರಡೂ ಅಲ್ಲ. ಅಳೆಯೋ ಕೋಲು ಬದಲಾಗಿತ್ತು ಅಷ್ಟೇ. ಅದಕ್ಕೂ ಮೊದಲು, ಕೊರೋನಾ ಕಾಲದ ಜುಲೈ 2021ರಲ್ಲಿ, ಬರೀ ಎರಡು ದಿನ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ಮಾಡಿ ಹೆಚ್ಚುಕಡಿಮೆ ಎಲ್ಲರನ್ನೂ ಪಾಸು ಮಾಡಿದ್ದರು.

ನಾನು ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಭವಿಷ್ಯ ಹೇಳೋ ಯಂತ್ರ ಪಾಠ ಕಲಿಯೋದು ಇಂಥ ಹಳೇ ಫಲಿತಾಂಶಗಳಿಂದಲೇ. 2021, 2022, 2023ರ ಅಂಕ ತಿನ್ನಿಸಿ ಬೆಳೆಸಿದ ಯಂತ್ರ ಮಗುವಿಗೆ ಗಣಿತ ಬರುತ್ತಾ ಅನ್ನೋದನ್ನ ಕಲಿತಿರಲ್ಲ. ಆಯಾ ವರ್ಷ ಪರೀಕ್ಷೆ ಹೇಗೆ ನಡೀತು, ಎಷ್ಟು ಕೃಪಾಂಕ ಕೊಟ್ಟರು ಅನ್ನೋದನ್ನೂ ಸೇರಿಸಿಯೇ ಕಲಿತಿರುತ್ತೆ. ಹಾಗಾಗಿ ಇಂಥ ವರದಿ ಕೈಗೆ ಬಂದಾಗ ಮೇಷ್ಟ್ರು ಕೇಳಬೇಕಾದ ಮೊದಲ ಪ್ರಶ್ನೆ, "ಇದು ಯಾವ ವರ್ಷದ, ಯಾವ ಊರಿನ ಮಕ್ಕಳನ್ನ ನೋಡಿ ಕಲ್ತಿದ್ದು?" ನಮ್ಮೂರ ಪಕ್ಕದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ದನ ಮೇಯುತ್ತಿದ್ದ ಅಮೃತ್ ಮಹಲ್ ಕಾವಲಿನ ಜಾಗ. (ಆ ಜಾಗದ ಕತೆ ಬರೆಯೋಕೆ ಹೋದ್ರೆ ಇನ್ನೊಂದು ಅಂಕಣವೇ ಬೇಕು, ಬಿಡಿ.) ಅಲ್ಲಿ ಹೈಸ್ಕೂಲು, ಪಿಯುಸಿ ವಿಜ್ಞಾನ ಮೇಷ್ಟ್ರುಗಳಿಗೆ ಪ್ರಯೋಗ ಮಾಡಿಸಿ ತರಬೇತಿ ಕೊಡ್ತಾರೆ. ವಿಜ್ಞಾನ ಪಾಠ ಮಾಡೋ ಯಾವ ಮೇಷ್ಟ್ರನ್ನೇ ಕೇಳಿ, ವರ್ನಿಯರ್ ಕ್ಯಾಲಿಪರ್ಸ್ ಕೈಗೆ ತಗೊಂಡ್ರೆ ಮೊದಲು ಅದರ ಲೀಸ್ಟ್ ಕೌಂಟ್ ನೋಡು ಅಂತಾರೆ. ಒಂದು ಕಬ್ಬಿಣದ ಗುಂಡಿನ ದಪ್ಪ ಅಳೆಯೋಕೆ ಇಷ್ಟು ಎಚ್ಚರ ಇರುವಾಗ, ಒಂದು ಹುಡುಗಿಯ ಮುಂದಿನ ಬದುಕನ್ನ ಅಳೆಯೋ ವರದಿಗೆ ಅದರ ಅರ್ಧದಷ್ಟಾದರೂ ಬೇಡ್ವಾ?

ಎಚ್ಚರ ತಪ್ಪಿದರೆ ಏನಾಗುತ್ತೆ ಅಂತ ಬ್ರಿಟನ್ನಿನವರು 2020ರ ಆಗಸ್ಟಿನಲ್ಲಿ ನೋಡಿದರು. ಕೊರೋನಾದಿಂದ ಎ ಲೆವೆಲ್ ಪರೀಕ್ಷೆ ನಡೆಯಲಿಲ್ಲ, ಮೇಷ್ಟ್ರುಗಳು ಕೊಟ್ಟ ಅಂದಾಜನ್ನು ಒಂದು ಅಲ್ಗಾರಿದಮ್ಮು ಸರಿಪಡಿಸಿತು. ಆಯಾ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶ ನೋಡಿ ಈ ವರ್ಷದವರಿಗೂ ಹೊಂದಿಸಿತು. ಸುಮಾರು ನೂರಕ್ಕೆ 40ರಷ್ಟು ಗ್ರೇಡುಗಳು ಮೇಷ್ಟ್ರ ಅಂದಾಜಿಗಿಂತ ಕೆಳಗಿಳಿದವು. ನಿಮ್ಮ ಶಾಲೇಲಿ ಹಿಂದೆ ಯಾರೂ ಅಷ್ಟು ತೆಗೆದಿಲ್ಲ, ಆದ್ದರಿಂದ ನೀನೂ ತೆಗೆಯಲ್ಲ ಅನ್ನೋ ತರ್ಕ. ಹುಡುಗರು ಬೀದಿಗಿಳಿದರು, ಕೆಲವೇ ದಿನದಲ್ಲಿ ಸರ್ಕಾರ ಅದನ್ನ ವಾಪಸ್ ತಗೊಂಡಿತು. ಲಂಡನ್ನಿನ ಹುಡುಗರಿಗೆ ಬೀದಿಗಿಳಿಯೋಕೆ ಗೊತ್ತಿತ್ತು. ನಮ್ಮ ಕಡೆಯ ಹತ್ತನೇ ಕ್ಲಾಸಿನ ಹುಡುಗನಿಗೆ ತನ್ನ ಹೆಸರಿನ ಮುಂದೆ ಅಂಥದ್ದೊಂದು ಸಂಖ್ಯೆ ಇದೆ ಅನ್ನೋದೇ ಗೊತ್ತಿರಲ್ಲ.

ಈಗ ನಿಜವಾದ ಕಗ್ಗಂಟಿಗೆ ಬರ್ತೀನಿ. ಎಲ್ಲಾ ಅರ್ಥ ಮಾಡ್ಕೊಂಡ ಮೇಲೆ ನನ್ನ ತಂಗಿ ಕೇಳಿದ ಪ್ರಶ್ನೆ ಇದು. "ಸಂಜೆ ವಿಶೇಷ ತರಗತಿಗೆ ನನಗೆ ಸಿಗೋದು ಒಂದು ಗಂಟೆ. 0.47 ಇರೋ ಹುಡುಗಿಗೆ ಆ ಗಂಟೆ ಕೊಟ್ರೆ ಅವಳು ದಾಟ್ತಾಳೆ. 0.08 ಇರೋ ಹುಡುಗನಿಗೆ ಕೊಟ್ರೆ ಅವನು ಆದ್ರೂ ದಾಟಲ್ಲ. ಯಾರಿಗೆ ಕೊಡಲಿ?"

ಈ ಪ್ರಶ್ನೆ ಹೊಸದೇನಲ್ಲ. ನಮ್ಮ ಶಾಲೆಗಳಲ್ಲಿ 'ಪಾಸಿಂಗ್ ಪ್ಯಾಕೇಜ್' ಅಂತ ಒಂದು ಮಾತೇ ಇದೆ. ಇಷ್ಟು ಪಾಠ, ಇಷ್ಟು ಚಿತ್ರ, ಇಷ್ಟು ಪ್ರಮೇಯ ಬಾಯಿಪಾಠ ಮಾಡಿದರೆ 80ಕ್ಕೆ 28 ದಾಟಬಹುದು ಅನ್ನೋದು 2025ರ ತನಕ ಇದ್ದ ಲೆಕ್ಕಾಚಾರ. ಅಮೆರಿಕದ ಟೆಕ್ಸಾಸಿನ ಒಂದು ಶಾಲೆಯ ಬಗ್ಗೆ 2005ರಲ್ಲಿ ಜೆನಿಫರ್ ಬೂಹರ್ ಜೆನ್ನಿಂಗ್ಸ್ ಅನ್ನೋ ಸಮಾಜಶಾಸ್ತ್ರಜ್ಞೆ ಬರೆದ ಅಧ್ಯಯನದಲ್ಲೂ ಇದೇ ಇದೆ. ಗೆರೆಯ ಅಂಚಿನಲ್ಲಿರೋ ಮಕ್ಕಳಿಗೆ ಎಲ್ಲಾ ಗಮನ, ತೀರಾ ಕೆಳಗಿರೋರನ್ನ ಮೆತ್ತಗೆ ಕೈಬಿಡೋದು. ಅಂಥ ಅಂಚಿನ ಮಕ್ಕಳಿಗೆ ಅಲ್ಲಿನ ಮೇಷ್ಟ್ರುಗಳು 'ಬಬಲ್ ಕಿಡ್ಸ್' ಅಂತ ಹೆಸರೂ ಇಟ್ಟಿದ್ದರು. ಅಲ್ಲೂ ಮೇಷ್ಟ್ರುಗಳು ಕೆಟ್ಟವರಲ್ಲ, ಇಲ್ಲೂ ಅಲ್ಲ. ಪಾಸಿಂಗ್ ಪ್ಯಾಕೇಜನ್ನ ನೋಡಿ ನಗೋದು ಬೆಂಗಳೂರಲ್ಲಿ ಕೂತವರಿಗೆ ಸುಲಭ. ಆ 28 ಅಂಕದಿಂದ ಒಬ್ಬ ಹುಡುಗಿ ಪಿಯುಸಿಗೆ ಸೇರ್ತಿದ್ದಳು, ಅವಳ ಮದುವೆ ಮಾತು ಎರಡು ವರ್ಷ ಮುಂದೆ ಹೋಗ್ತಿತ್ತು. ಅದು ಸಣ್ಣ ವಿಷಯ ಅಲ್ಲ. 0.47ರ ಹುಡುಗಿಗೆ ಆ ಗಂಟೆ ಕೊಡೋದು ತಪ್ಪು ಅಂತ ನಾನಂತೂ ಹೇಳಲ್ಲ.

ಆದ್ರೆ ಪ್ರಶ್ನೆಯಲ್ಲೇ ಒಂದು ಮೋಸ ಅಡಗಿದೆ ಅನಿಸ್ತು. 'ಅವನು ಆದ್ರೂ ದಾಟಲ್ಲ' ಅನ್ನೋದು. ಆ ಲೆಕ್ಕದಲ್ಲಿ 26ರಿಂದ 28ಕ್ಕೆ ಏರಿದ ಹುಡುಗಿಯ ಎರಡು ಅಂಕ ಚಿನ್ನ. 6ರಿಂದ 18ಕ್ಕೆ ಏರಿದ ಹುಡುಗನ ಹನ್ನೆರಡು ಅಂಕಕ್ಕೆ ಬೆಲೆ ಸೊನ್ನೆ. ಯಾಕೆ? ಅವನು ಕಲಿತದ್ದು ಕಡಿಮೆ ಅಂತಲ್ಲ, ನಾವು ಎಳೆದ ಗೆರೆ ಅಲ್ಲಿಲ್ಲ ಅಂತ. ವರದಿಗೆ ಕೇಳಿದ ಪ್ರಶ್ನೆಯೇ 'ದಾಟ್ತಾನಾ ಇಲ್ವಾ' ಅನ್ನೋದು, ಅದಕ್ಕೆ ಅದು ಉತ್ತರ ಕೊಟ್ಟಿದೆ. 'ಇವನು ಈ ನಾಲ್ಕು ತಿಂಗಳಲ್ಲಿ ಏನು ಕಲಿಯಬಹುದು' ಅಂತ ಯಾರೂ ಅದನ್ನ ಕೇಳಲಿಲ್ಲ. ಯುದ್ಧದ ಆಸ್ಪತ್ರೆಯಲ್ಲಿ ಡಾಕ್ಟರು ಉಳಿಯದವರನ್ನ ಬದಿಗಿಟ್ಟು ಉಳಿಯೋರನ್ನ ನೋಡ್ತಾರೆ, ಅದು ಆ ಕ್ಷಣದ ಧರ್ಮ. ಶಾಲೆ ಅಂಥ ಆಸ್ಪತ್ರೆಯಾ? ಅಲ್ಲಿ ಜೀವ ಇದೆ ಅಥವಾ ಇಲ್ಲ, ಎರಡೇ. ಇಲ್ಲಿ ಭಾಗಾಕಾರ ಬಾರದ ಹುಡುಗನಿಗೆ ಭಾಗಾಕಾರ ಬಂದರೆ, ಫೇಲಾದ ಮೇಲೂ ಅದು ಅವನ ಹತ್ರ ಉಳಿಯುತ್ತೆ. ಶೇಂಗಾ ಮಂಡಿಯಲ್ಲಿ ತೂಕದ ಚೀಟಿ ಓದೋಕಾದ್ರೂ ಬರುತ್ತೆ.

ವರದಿ ಮಾಡೋರ ಕಡೆಯ ಒಂದು ತಮಾಷೆಯನ್ನೂ ಹೇಳಿಬಿಡ್ತೀನಿ, ಇದು ನಮ್ಮ ಕಸುಬಿನವರಿಗೆ ಮಾತ್ರ ಹೊಳೆಯೋದು. ನನ್ನ ತಂಗಿ ಚೆನ್ನಾಗಿ ಕೆಲಸ ಮಾಡಿ ಕೆಂಪಿನ ಹತ್ತು ಮಕ್ಕಳು ಪಾಸಾದರು ಅಂದುಕೊಳ್ಳಿ. ವರದಿಯ ಲೆಕ್ಕದಲ್ಲಿ ಅದು ಹತ್ತು ತಪ್ಪು, ನಿಖರತೆ ಇಳೀತು. ಅವಳು ಏನೂ ಮಾಡದೆ ಕೂತಿದ್ದರೆ ವರದಿ ಸರಿ ಹೋಗ್ತಿತ್ತು! ಇನ್ನೂ ಮುಂದಿನ ವರ್ಷ ನೋಡಿ. ಈ ಹತ್ತು ಮಕ್ಕಳು ಪಾಸಾಗಿದ್ದನ್ನ ನೋಡಿ ಯಂತ್ರ ಕಲಿಯುತ್ತೆ, 'ಓ, ಇಂಥ ಮಕ್ಕಳು ಪಾಸಾಗ್ತಾರೆ' ಅಂತ. ಅಂಥವರಿಗೆ ಹಸಿರು ಬಳಿಯುತ್ತೆ. ಹಸಿರು ನೋಡಿ ಹೊಸ ಮೇಷ್ಟ್ರು ಅವರನ್ನ ವಿಶೇಷ ತರಗತಿಗೆ ಕರೆಯಲ್ಲ. ಅವರು ಫೇಲಾಗ್ತಾರೆ. ಅವಳು ಸಂಜೆ ಆರರ ತನಕ ಕೂತಿದ್ದು ಯಾವ ಕಾಲಮ್ಮಿನಲ್ಲೂ ಇಲ್ಲವಲ್ಲ. ಅದಕ್ಕೇ ನಾನು ಅವಳಿಗೆ ಹೇಳಿದ್ದು, ಯಾರಿಗೆ ಎಷ್ಟು ದಿನ, ಏನು ಹೇಳಿಕೊಟ್ಟೆ ಅಂತ ಒಂದು ಹಳೇ ನೋಟ್‌ಬುಕ್ಕಿನಲ್ಲಾದರೂ ಬರೆದಿಡು ಅಂತ. ಇಂಥ ವರದಿಯನ್ನ ಅದು ನಿಜವಾಯ್ತಾ ಅಂತ ನೋಡಿ ತೂಗಬಾರದು. ಅದನ್ನ ಓದಿದವರು ಎಷ್ಟು ಮಕ್ಕಳ ವಿಷಯದಲ್ಲಿ ಅದನ್ನ ಸುಳ್ಳು ಮಾಡಿದರು ಅಂತ ನೋಡಬೇಕು.

ಅವಳು ಇನ್ನೊಂದು ಕೆಲಸ ಮಾಡಿದಳು, ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಬಣ್ಣದ ಪಕ್ಕದಲ್ಲಿ ಖಾಲಿ ಕಾಲಮ್ ಎಳೆದು 'ಯಾಕೆ' ಅಂತ ಬರೆದಳು. ಹದಿನೆಂಟು ಕೆಂಪು ಮಕ್ಕಳ ಹತ್ರ ಒಬ್ಬೊಬ್ಬರಾಗಿ ಮಾತಾಡಿದಳು. ಒಬ್ಬಳು ಶೇಂಗಾ ಕೀಳೋ ಕಾಲದಲ್ಲಿ ಮೂರು ವಾರ ಬಂದಿಲ್ಲ. ಆ ಮೂರೇ ವಾರದಲ್ಲಿ ಬೀಜಗಣಿತ ಮುಗಿದಿತ್ತು, ಆಮೇಲಿನದ್ದೆಲ್ಲ ಅದರ ಮೇಲೆ ನಿಂತಿದೆ. ಒಬ್ಬನಿಗೆ ಬೋರ್ಡೇ ಕಾಣ್ತಿರಲಿಲ್ಲ. ಒಬ್ಬಳಿಗೆ ಲೆಕ್ಕ ಬರುತ್ತೆ, ಕನ್ನಡದಲ್ಲಿ ಕೊಟ್ಟ ಪ್ರಶ್ನೆ ಓದೋಕೆ ಬರಲ್ಲ, ಯಾಕಂದ್ರೆ ಮನೇಲಿ ತೆಲುಗು. ಗಡಿ ಊರುಗಳಲ್ಲಿ ಇದು ಮಾಮೂಲು. ಮೂವರಿಗೂ ಒಂದೇ ಕೆಂಪು. ಮೂವರಿಗೂ ಒಂದೇ ಪಾಸಿಂಗ್ ಪ್ಯಾಕೇಜ್ ಕೊಟ್ಟಿದ್ದರೆ ಬೋರ್ಡ್ ಕಾಣದವನಿಗೆ ಇನ್ನಷ್ಟು ಬೋರ್ಡ್ ತೋರಿಸಿದ ಹಾಗೆ ಆಗ್ತಿತ್ತು. ವರದಿ ತೋರಿಸೋದು ಎಲ್ಲಿ ಬಾಗಿಲು ತಟ್ಟಬೇಕು ಅಂತ ಮಾತ್ರ, ಒಳಗೆ ಯಾರಿದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ.

ಉಳಿದಿದ್ದು, ಯಾರಿಗೆ ಹೇಳಬೇಕು ಅನ್ನೋ ಪ್ರಶ್ನೆ. ಕೆಲವರು ಪಟ್ಟಿಯನ್ನ ಗೋಡೆಗೆ ಅಂಟಿಸೋಣ, ಮಕ್ಕಳಿಗೆ ಹಟ ಬರುತ್ತೆ ಅಂದರಂತೆ. 1968ರಲ್ಲಿ ರೋಸೆಂಥಾಲ್ ಮತ್ತು ಜೇಕಬ್‌ಸನ್ ಅನ್ನೋರು ಕ್ಯಾಲಿಫೋರ್ನಿಯಾದ ಒಂದು ಶಾಲೆಯ ಪ್ರಯೋಗದ ಬಗ್ಗೆ ಪುಸ್ತಕ ತಂದರು. ಲಾಟರಿ ಎತ್ತಿದ ಹಾಗೆ ಆರಿಸಿದ ಕೆಲವು ಮಕ್ಕಳನ್ನ ತೋರಿಸಿ, 'ಇವರು ಈ ವರ್ಷ ಮುಂದೆ ಬರ್ತಾರೆ' ಅಂತ ಮೇಷ್ಟ್ರುಗಳಿಗೆ ಸುಳ್ಳು ಹೇಳಿದ್ದರು. ಸಣ್ಣ ತರಗತಿಗಳಲ್ಲಿ ಅಂಥ ಮಕ್ಕಳು ನಿಜಕ್ಕೂ ಮುಂದೆ ಬಂದರು ಅಂತ ಅವರ ವಾದ. ಆ ಪ್ರಯೋಗದ ಲೆಕ್ಕಗಳ ಮೇಲೆ ಬೇಕಾದಷ್ಟು ತಕರಾರು ಬಂದಿದೆ, ನಾನು ಅದನ್ನ ಪೂರ್ತಿ ನಂಬಿ ಅಂತ ಹೇಳ್ತಿಲ್ಲ. ಆದ್ರೆ 'ಮುಂದೆ ಬರ್ತಾರೆ' ಅನ್ನೋ ಸುಳ್ಳು ಚೂರಾದರೂ ಕೆಲಸ ಮಾಡೋದಾದ್ರೆ, 'ಬರಲ್ಲ' ಅನ್ನೋ ಪಟ್ಟಿ ಗೋಡೆ ಮೇಲೆ ನಾಲ್ಕು ತಿಂಗಳು ಇದ್ದರೆ ಏನು ಕೆಲಸ ಮಾಡುತ್ತೆ? ಪಟ್ಟಿ ಗೋಡೆಗೆ ಬರಲಿಲ್ಲ, ಬೀರುವಿಗೆ ಹೋಯ್ತು.

ಅಪ್ಪ ಅಮ್ಮನಿಗೆ ಹೇಳೋದು ಇನ್ನೂ ಸೂಕ್ಷ್ಮ. 0.08ರ ಹುಡುಗನ ಮನೇಲಿ ಕುರಿ ಇವೆ. 'ಇವನು ಪಾಸಾಗಲ್ಲ ಅಂತ ಕಂಪ್ಯೂಟರ್ ಹೇಳಿದೆ' ಅಂದ್ರೆ ಅವನ ಅಪ್ಪನಿಗೆ ಅದು ಒಳ್ಳೆ ಸುದ್ದಿ, ನಾಳೆಯಿಂದಲೇ ಕುರಿ ಹಿಂದೆ ಒಬ್ಬ ಆಳು ಸಿಕ್ಕಿದ ಹಾಗೆ. ಹಾಗಂತ ಸುಳ್ಳು ಹೇಳಿ 'ಪಾಸಾಗ್ತಾನೆ ಬಿಡಿ' ಅನ್ನೋಕೂ ಅವಳಿಗೆ ಮನಸ್ಸಿಲ್ಲ. ಫಲಿತಾಂಶದ ದಿನ ಅದೇ ಅಪ್ಪ ಅವಳ ಮುಖ ನೋಡಬೇಕಲ್ಲ. ಅವಳು ಮನೆಗೇ ಹೋಗಿ, "ಯಜಮಾನ್ರೇ, ಪಾಸು ಫೇಲು ನಾನು ಹೇಳೋಕಾಗಲ್ಲ, ಕಷ್ಟ ಅಂತೂ ಇದೆ. ಅವನಿಗೆ ಈಗ ತಾನೇ ಭಾಗಾಕಾರ ಬಂತು, ಭಿನ್ನರಾಶಿ ಶುರು ಮಾಡಿದ್ದೀನಿ. ಪರೀಕ್ಷೆ ಮುಗಿಯೋ ತನಕ ದಿನಾ ಕಳಿಸಿ" ಅಂದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾನುವಾರ ಬಿಟ್ಕೊಡ್ರಿ ಮೇಡಂ, ಮಿಕ್ಕ ದಿನ ನಿಮ್ದು" ಅಂದರಂತೆ.

ಜನವರಿಯಲ್ಲಿ ಹೊಸ ವರದಿ ಬಂತು. ಅವನ ಗಣಿತದ ಅಂಕ 6ರಿಂದ 17ಕ್ಕೆ ಹೋಗಿತ್ತು. ಹೆಸರಿನ ಮುಂದೆ 0.11 ಅಂತಿತ್ತು. ಬಣ್ಣ ಕೆಂಪೇ. ಮಂಗಳವಾರ ಮತ್ತು ಶುಕ್ರವಾರದ ಗಂಟೆ ಅವನಿಗೂ, ಅವನಂಥ ಇನ್ನೂ ನಾಲ್ವರಿಗೂ ಇಟ್ಟಿದ್ದಾಳೆ. ಮಿಕ್ಕ ಮೂರು ದಿನ ಅಂಚಿನವರಿಗೆ.